ಆಕಾಶಕ್ಕೆ ಹೋಗದ ಉಕ್ಕು

ಬೆಂಗಳೂರು
4 ಅಕ್ಟೋಬರ್ 1993

ತೀರ್ಥರೂಪು ಮಾವನವರಿಗೆ ಸೊಸೆ ರಂಜಿನಿಯ ನಮಸ್ಕಾರಗಳು.

ಮೊದಲು ಕ್ಷೇಮ ಸಮಾಚಾರ. ನಾನು, ನಿಮ್ಮ ಮಗ, ಸಿರಿ ಮೂವರೂ ಚೆನ್ನಾಗಿದ್ದೇವೆ. ಸಿರಿಗೆ ಮುಂದಿನ ಎರಡು ಹಲ್ಲು ಬಿದ್ದು, ಮಾತಾಡಿದರೆ ಗಾಳಿ ಬರುತ್ತದೆ. ತಾತನಿಗೆ ಫೋನಿನಲ್ಲಿ ಆ ಗಾಳಿ ಕೇಳಿಸಬೇಕಂತೆ.

ಇನ್ನು ಜಗಳದ ಸಮಾಚಾರ. ಮೊನ್ನೆ ನಮ್ಮ ಆಫೀಸಿನ ಗೇಟಿಗೆ ನಿಮ್ಮ ಭದ್ರಾವತಿಯ ಓಲ್ಡ್ ಟೌನಿನವರೊಬ್ಬರು ಒಂದು ಚೀಲ ಸೌತೆಕಾಯಿ ಹಿಡಿದು ಬಂದಿದ್ದರು. ಮಗ ಐ.ಟಿ.ಐ. ಮುಗಿಸಿದ್ದಾನಂತೆ. "ನೀವು ರಾಕೆಟ್ ಮಾಡೋ ಮೇಡಂ ಅಂತ ಶಿವಯೋಗಪ್ಪೋರು ಹೇಳಿದ್ರು, ನಿಮ್ಮ ಕೈ ಕೆಳಗೆ ಇಟ್ಕಳಿ" ಎಂದರು. ಪಕ್ಕದಲ್ಲಿ ನಿಜವಾಗಿಯೂ ರಾಕೆಟ್ ಮಾಡುವ ಇಬ್ಬರು ಎಂಜಿನಿಯರುಗಳು ನಿಂತಿದ್ದರು. ನನ್ನ ಮುಖ ಹೇಗಾಗಿರಬೇಕು ನೀವೇ ಯೋಚಿಸಿ.

ಮಾವ, ನಾನು ರಾಕೆಟ್ ಮಾಡುವುದಿಲ್ಲ. ಮಾಹಿತಿ ವಿಭಾಗದಲ್ಲಿ ಏಳು ವರ್ಷದಿಂದ ಇದ್ದೇನೆ. ಅವರು ಮಾಡಿದ್ದನ್ನು ಪತ್ರಿಕೆಯವರಿಗೆ, ರೇಡಿಯೋದವರಿಗೆ, ಶಾಲೆಯ ಮಕ್ಕಳಿಗೆ ಅರ್ಥವಾಗುವ ಹಾಗೆ ಹೇಳುವುದು ನನ್ನ ಕೆಲಸ. ಅದು ಸುಲಭದ ಕೆಲಸವಲ್ಲ. ಹೋದ ತಿಂಗಳು ನಮ್ಮ ರಾಕೆಟ್ ಸಮುದ್ರಕ್ಕೆ ಬಿತ್ತಲ್ಲ, ಅವತ್ತು ಪತ್ರಿಕೆಯವರಿಗೆ ಏನು ಬರೆಯಲಿ ಎಂದು ನಮ್ಮ ಮೇಲಧಿಕಾರಿಯನ್ನು ಕೇಳಿದೆ. "ಬಿದ್ದದ್ದನ್ನು ಬಿತ್ತು ಅಂತಲೇ ಬರೀಮ್ಮ. ನಾಳೆ ಏರಿತು ಅಂದಾಗ ನಂಬಬೇಕಲ್ಲ" ಎಂದರು. ಹಾಗೇ ಬರೆದೆ.

ಸೌತೆಕಾಯಿ ಚೆನ್ನಾಗಿತ್ತು. ಕೆಲಸ ಕೊಡಿಸಲಾಗಲಿಲ್ಲ ಎಂದು ಅವರಿಗೆ ನೀವೇ ತಿಳಿಸಿ.

ಅತ್ತೆಗೆ ನಮಸ್ಕಾರ.
ನಿಮ್ಮ ಸೊಸೆ,
ರಂಜಿನಿ


ಓಲ್ಡ್ ಟೌನ್, ಭದ್ರಾವತಿ
15 ಅಕ್ಟೋಬರ್ 1993

ಚಿ. ಸೌ. ರಂಜಿನಿಗೆ ಆಶೀರ್ವಾದಗಳು.

ನಿನ್ನ ಜಗಳ ಸುರಕ್ಷಿತವಾಗಿ ತಲುಪಿತು. ನಿಮ್ಮತ್ತೆಗೆ ಎರಡು ಸಲ ಓದಿ ಹೇಳಿದೆ. ಅವಳಿಗೆ ನಿನ್ನದೇ ಸರಿ ಎನಿಸಿದೆ. ಮನೆಯಲ್ಲಿ ನನ್ನ ಕಡೆಗೆ ಯಾರೂ ಇಲ್ಲ.

ನೋಡಮ್ಮ, ಹೇಳುವವಳು ಎಂದರೆ ಇಲ್ಲಿಯವರು ಬಸ್ ಸ್ಟ್ಯಾಂಡಿನಲ್ಲಿ ಮೈಕು ಹಿಡಿದು ಶಿವಮೊಗ್ಗದ ಬಸ್ಸು ಹೊರಡುತ್ತಿದೆ ಎನ್ನುವವಳು ಎಂದುಕೊಳ್ಳುತ್ತಾರೆ. ಆದ್ದರಿಂದ ಸ್ವಲ್ಪ ತಿದ್ದಿ ಹೇಳಿದೆ. ಇನ್ನು ಮೇಲೆ ಹೇಳುವುದಿಲ್ಲ. ಹೇಳಬೇಕಾದ ಅಗತ್ಯವೂ ಇಲ್ಲ, ಏಕೆಂದರೆ ರಾಕೆಟ್ಟಿಗೂ ನನಗೂ ನೇರವಾದ ಸಂಬಂಧವೇ ಇದೆ. ಮದುವೆಯ ಗಡಿಬಿಡಿಯಲ್ಲಿ ನಿನಗೆ ಹೇಳಿರಲಿಲ್ಲ.

ನಾನು ರಿಟೈರ್ ಆಗುವ ಮುಂಚೆ ಬೆಂಗಳೂರಿನಿಂದ ನಿಮ್ಮ ಸಂಸ್ಥೆಯ ಮೂರು ಜನ ಕಾರ್ಖಾನೆಗೆ ಬಂದಿದ್ದರು. ನಮ್ಮ ಫರ್ನೇಸಿನ ವಿಶೇಷ ಉಕ್ಕು ಬೇಕು ಎಂದರು. ಆ ಹದವನ್ನು ನಾನೂ ಹೊನ್ನಯ್ಯನೂ ನಿಂತು ನೋಡಿಕೊಂಡೆವು. (ಹೊನ್ನಯ್ಯ ಗೊತ್ತಲ್ಲ, ನನ್ನ ಜೊತೆಗೇ ರಿಟೈರ್ ಆಗಿ ಈಗ ಮಾರ್ಕೆಟ್ ಹತ್ತಿರ ಹೋಟೆಲ್ ಇಟ್ಟಿರುವವನು.) ಆರು ತುಂಡು ಕೊಯ್ದು ಗೋಣಿಯಲ್ಲಿ ಸುತ್ತಿ ಜೀಪಿಗೆ ಹಾಕಿಕೊಂಡು ಹೋದರು. ಅದು ಮೇಲೆ ಹೋಗದೆ ಮತ್ತೆಲ್ಲಿ ಹೋಗುತ್ತದೆ?

ನಾವು ಕಾಯಿಸಿದ ಕಬ್ಬಿಣ ಯಾವ ಊರಿನ ಸೇತುವೆಗೆ ಹೋಯಿತೋ, ಯಾವ ಮನೆಯ ಕಿಟಕಿಗೆ ಹೋಯಿತೋ ನಮಗೆ ಗೊತ್ತಾಗಲೇ ಇಲ್ಲ. ಇದೊಂದು ಮಾತ್ರ ಎಲ್ಲಿ ಹೋಯಿತು ಎಂದು ಗೊತ್ತು. ಕತ್ತು ಎತ್ತಿದರೆ ಸಾಕು.

ನಿನ್ನ ಮಾವ,
ಶಿವಯೋಗಪ್ಪ


ಬೆಂಗಳೂರು
2 ಏಪ್ರಿಲ್ 1996

ಮಾವನವರಿಗೆ ನಮಸ್ಕಾರಗಳು.

ಈ ಸಲದ ರಾಕೆಟ್ ಏರಿದ್ದನ್ನು ಟಿ.ವಿ.ಯಲ್ಲಿ ನೋಡಿದಿರಿ ಎಂದು ಇವರು ಹೇಳಿದರು. ಕನ್ನಡದ ಪತ್ರಿಕೆಗಳಲ್ಲಿ ಬಂದದ್ದು ನಾನು ಬರೆದದ್ದು. ಒಂದು ಪತ್ರಿಕೆಯವರು ಮೊದಲ ಎರಡು ಪ್ಯಾರಾ ಬಿಟ್ಟು ಉಳಿದದ್ದು ಹಾಕಿದರು. ಆ ಎರಡು ಪ್ಯಾರಾದಲ್ಲೇ ವಿಷಯ ಇತ್ತು.

ನನ್ನ ಮೇಜಿನ ಮೇಲೆ ದಿನಾ ಬರುವ ಕಾಗದಗಳನ್ನು ನೀವು ಓದಬೇಕು. ದಾವಣಗೆರೆ ಕಡೆಯ ರೈತರೊಬ್ಬರು ತಮ್ಮ ಹೊಲದಲ್ಲಿ ಎಲ್ಲಿ ಬೋರ್ ಹಾಕಿದರೆ ನೀರು ಬರುತ್ತದೆ, ಉಪಗ್ರಹದಿಂದ ಸ್ವಲ್ಪ ನೋಡಿ ತಿಳಿಸಿ ಎಂದು ಸರ್ವೆ ನಂಬರ್ ಕೊಟ್ಟಿದ್ದಾರೆ. ತಿಪಟೂರಿನ ಒಬ್ಬ ಅಜ್ಜಿ ರಾಕೆಟ್ಟಿಗೆ ಹಚ್ಚಲು ಅರಿಶಿನ ಕುಂಕುಮ ಕಳಿಸಿದ್ದಾರೆ. ಒಂದು ಶಾಲೆಯವರು ವಾರ್ಷಿಕೋತ್ಸವಕ್ಕೆ ಒಂದು ರಾಕೆಟ್ ಕಳಿಸಿ, ಬಳಸಿ ವಾಪಸ್ ಕೊಡುತ್ತೇವೆ ಎಂದಿದ್ದಾರೆ. ಎಲ್ಲರಿಗೂ ಉತ್ತರ ಬರೆಯುತ್ತೇನೆ. ನಗು ಬಂದರೂ ಉತ್ತರದಲ್ಲಿ ನಗುವುದಿಲ್ಲ. ಬರೆದವರು ನಮ್ಮನ್ನು ನಂಬಿ ಬರೆದಿರುತ್ತಾರೆ.

ನಿಮ್ಮ ಉಕ್ಕಿನ ವಿಷಯ ವಿಚಾರಿಸು ಎಂದು ಮೂರನೇ ಸಲ ಬರೆದಿದ್ದೀರಿ. ರಾಕೆಟ್ಟಿನ ಲೋಹ ಪರೀಕ್ಷಿಸುವ ವಿಭಾಗದವರು ಕೇರಳದಲ್ಲಿ ಇದ್ದಾರೆ. ಕೇಳಿಸುತ್ತೇನೆ.

ಅತ್ತೆಯ ಚಟ್ನಿಪುಡಿ ಮುಗಿದಿದೆ. ಇದನ್ನು ಮಾತ್ರ ಅವರಿಗೆ ಓದಿ ಹೇಳಿ.

ರಂಜಿನಿ


ಭದ್ರಾವತಿ
9 ನವೆಂಬರ್ 1998

ಚಿ. ರಂಜಿನಿಗೆ ಆಶೀರ್ವಾದಗಳು.

ಒಂದು ಸಂತೋಷದ ಸುದ್ದಿ. ರಾಜ್ಯೋತ್ಸವದ ದಿನ ನಮ್ಮ ನಿವೃತ್ತ ನೌಕರರ ಸಂಘದವರು ನನಗೆ ಸನ್ಮಾನ ಮಾಡಿದರು. ನನಗೆ ಮೊದಲೇ ಹೇಳಿರಲಿಲ್ಲ. ಕುರ್ಚಿಯ ಮೇಲೆ ಕೂರಿಸಿ ಶಾಲು ಹೊದಿಸಿ ಹಾರ ಹಾಕಿದ ಮೇಲೆ ಹೊನ್ನಯ್ಯ ಮೈಕು ಹಿಡಿದ. "ಭದ್ರಾವತಿ ಉಕ್ಕನ್ನ ಆಕಾಶಕ್ಕೆ ಕಳಿಸಿದೋನು ನಮ್ಮ ಶಿವಯೋಗಪ್ಪ" ಎಂದ. ಜನ ಚಪ್ಪಾಳೆ ತಟ್ಟಿದ್ದು ನಿಮ್ಮತ್ತೆಗೆ ಮನೆಯವರೆಗೂ ಕೇಳಿಸಿತಂತೆ. ಹೊನ್ನಯ್ಯನೂ ಅವತ್ತು ಫರ್ನೇಸಿನ ಮುಂದೆ ನನ್ನ ಜೊತೆಗೇ ಇದ್ದ. ಆದರೂ ಹಾರ ನನಗೇ ಹಾಕಿಸಿದ. ದೊಡ್ಡ ಮನುಷ್ಯ.

ಈಗ ಮಾರ್ಕೆಟ್ಟಿಗೆ ಹೋದರೆ ಸೊಪ್ಪು ಮಾರುವವಳೂ "ರಾಕೆಟ್ ಅಪ್ಪೋರೆ" ಎನ್ನುತ್ತಾಳೆ. ಆದರೆ ಸೊಪ್ಪಿನ ರೇಟು ಇಳಿಸುವುದಿಲ್ಲ.

ನಿಮ್ಮ ಸಂಸ್ಥೆಯಿಂದ ಎರಡು ಸಾಲಿನ ಕಾಗದ ಸಿಕ್ಕಿದರೆ ಸಂಘದ ಗೋಡೆಗೆ ಕಟ್ಟು ಹಾಕಿಸುತ್ತಾರಂತೆ. ಬೇಗ ವಿಚಾರಿಸು.

ಶಿವಯೋಗಪ್ಪ


ಬೆಂಗಳೂರು
20 ಜನವರಿ 1999

ಮಾವನವರಿಗೆ ನಮಸ್ಕಾರಗಳು.

ಸಂಕ್ರಾಂತಿಗೆ ಬಂದಾಗ ಹೇಳಬೇಕು ಎಂದಿದ್ದೆ. ಶಾಲನ್ನು ನೀವು ಗಾಜಿನ ಬೀರುವಿನಲ್ಲಿ ಇಟ್ಟಿದ್ದನ್ನು ನೋಡಿ ಬಾಯಿ ಬರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಇದನ್ನು ಒಬ್ಬರೇ ಕೂತು ಓದಿ.

ಉತ್ತರ ಬಂದಿದೆ. ಭದ್ರಾವತಿಯಿಂದ ಉಕ್ಕು ತಂದದ್ದು ನಿಜ. ಪರೀಕ್ಷೆ ಮಾಡಿದ್ದೂ ನಿಜ. ಉಕ್ಕು ಚೆನ್ನಾಗಿಯೇ ಇತ್ತು ಎಂದು ಬರೆದಿದ್ದಾರೆ. ಆದರೆ ಆಮೇಲೆ, ಅದರಿಂದ ಮಾಡಬೇಕೆಂದಿದ್ದ ಭಾಗವನ್ನೇ ಬೇರೆ ಲೋಹದಲ್ಲಿ, ಹಗುರವಾಗಿ ಮಾಡುವುದೆಂದು ತೀರ್ಮಾನವಾಯಿತು. ನಿಮ್ಮ ಉಕ್ಕು ಮೇಲೆ ಹೋಗಲಿಲ್ಲ ಮಾವ.

ನನಗೆ ತುಂಬ ಸಂಕಟವಾಗುತ್ತಿದೆ. ಬೇರೆ ಯಾರಿಗೋ ಇಂಥ ಉತ್ತರ ಬರೆಯುವುದು ನನಗೆ ಅಭ್ಯಾಸ. ನಿಮಗೆ ಬರೆಯಲು ವಾರ ಹಿಡಿಯಿತು.

ರಂಜಿನಿ


ಭದ್ರಾವತಿ
3 ಫೆಬ್ರವರಿ 1999

ಚಿ. ರಂಜಿನಿಗೆ,

ಕಾಗದ ಓದಿದೆ. ಒಬ್ಬನೇ ಕೂತು ಓದಿದೆ.

ಇದು ನಿನ್ನ ನನ್ನ ನಡುವೆ ಇರಲಿ. ಊರಿಗೆ ನಾನೇ ಸಮಯ ನೋಡಿ ಹೇಳುತ್ತೇನೆ. ಅದಕ್ಕೆ ಅವಸರ ಏನಿಲ್ಲ.

ಚಟ್ನಿಪುಡಿ ಬಸ್ಸಿನಲ್ಲಿ ಕಳಿಸಿದ್ದೇವೆ.

ಶಿವಯೋಗಪ್ಪ


ಬೆಂಗಳೂರು
18 ನವೆಂಬರ್ 2000

ಮಾವನವರಿಗೆ ನಮಸ್ಕಾರಗಳು.

ನಮ್ಮ ವಿಭಾಗದಿಂದ ಒಂದು ಸಂಚಾರಿ ಪ್ರದರ್ಶನ ಹೊರಟಿದೆ. ಲಾರಿಯ ಮೇಲೆ ರಾಕೆಟ್ಟಿನ ಮಾದರಿ, ಜೊತೆಗೆ ಚಿತ್ರಗಳು, ಸಿನಿಮಾ. ಕೊನೆಯಲ್ಲಿ ಜನ ಪ್ರಶ್ನೆ ಕೇಳಬಹುದು, ನಾವು ಉತ್ತರ ಹೇಳಬೇಕು. ಡಿಸೆಂಬರಿನಲ್ಲಿ ಶಿವಮೊಗ್ಗದಲ್ಲಿ ಎರಡು ದಿನ, ಆಮೇಲೆ ಭದ್ರಾವತಿಯ ಶಾಲೆಯ ಮೈದಾನದಲ್ಲಿ ಒಂದು ದಿನ. ಈ ಭಾಗಕ್ಕೆ ನನ್ನನ್ನೇ ಹಾಕಿದ್ದಾರೆ. ದುರ್ಗಿಗುಡಿಯಲ್ಲಿ ನಮ್ಮಮ್ಮನ ಮನೆಯಲ್ಲಿ ಇಳಿದುಕೊಂಡು ಬರುತ್ತೇನೆ.

ಮುಚ್ಚುಮರೆ ಇಲ್ಲದೆ ಕೇಳುತ್ತೇನೆ. ನೀವು ಊರಿಗೆ ಆ ವಿಷಯ ಹೇಳಿದಿರಾ? ನಾನಾಗಿ ಅದನ್ನು ಎತ್ತುವುದಿಲ್ಲ. ಆದರೆ ಮೈಕಿನ ಮುಂದೆ ಯಾರಾದರೂ ಕೇಳಿದರೆ ನಾನು ಹೌದು ಎನ್ನಲಾರೆ. ಅವತ್ತು ಅಲ್ಲಿ ನಿಂತಿರುವವಳು ನಿಮ್ಮ ಸೊಸೆ ಅಲ್ಲ, ಸಂಸ್ಥೆಯವಳು. ದಯವಿಟ್ಟು ಅದಕ್ಕೂ ಮೊದಲು ಹೊನ್ನಯ್ಯನವರಿಗಾದರೂ ತಿಳಿಸಿ.

ರಂಜಿನಿ


ಭದ್ರಾವತಿ
26 ನವೆಂಬರ್ 2000

ಚಿ. ರಂಜಿನಿಗೆ ಆಶೀರ್ವಾದಗಳು.

ನೀನು ಬರುತ್ತಿರುವುದು ಊರಿಗೆಲ್ಲ ಗೊತ್ತಾಗಿದೆ. ಸಂಘದವರು ಮುಂದಿನ ಸಾಲಿನಲ್ಲಿ ನನಗೆ ಕುರ್ಚಿ ಹಾಕಿಸುತ್ತಾರಂತೆ. ನಿಮ್ಮತ್ತೆ ಹೊಸ ಸೀರೆಗೆ ಫಾಲ್ ಹೊಲಿಸಿದ್ದಾಳೆ.

ಆ ವಿಷಯ ಯಾರೂ ಕೇಳುವುದಿಲ್ಲ. ನಮ್ಮ ಜನ ಚಂದ್ರನ ಮೇಲೆ ನೀರು ಇದೆಯಾ, ಗ್ರಹಣದಲ್ಲಿ ಊಟ ಮಾಡಬಹುದಾ ಅಂತ ಕೇಳುತ್ತಾರೆ ಅಷ್ಟೆ. ನಮ್ಮ ಉಕ್ಕು ಅದರಲ್ಲಿದೆ ಎಂದು ಎಲ್ಲರಿಗೂ ಗೊತ್ತಿರುವಾಗ ಯಾರು ಯಾಕೆ ಕೇಳುತ್ತಾರೆ? ನೀನು ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ.

ಶಿವಯೋಗಪ್ಪ


ದುರ್ಗಿಗುಡಿ, ಶಿವಮೊಗ್ಗ
11 ಡಿಸೆಂಬರ್ 2000

ಮಾವನವರಿಗೆ,

ನಿನ್ನೆ ಪ್ರದರ್ಶನ ಮುಗಿಸಿ ಮನೆಗೆ ಬಂದಾಗ ನೀವು "ಊಟ ಆಯ್ತಾ" ಎಂದು ಕೇಳಿ ಒಳಗೆ ಹೋದಿರಿ. ಬಾಗಿಲ ಹೊರಗೆ ನಿಂತು ಮಾತಾಡುವ ಧೈರ್ಯ ನನಗೂ ಇರಲಿಲ್ಲ. ನಾಳೆ ಲಾರಿ ಸಾಗರಕ್ಕೆ ಹೊರಡುತ್ತದೆ. ಅದಕ್ಕೆ ಮುಂಚೆ ಬರೆಯುತ್ತಿದ್ದೇನೆ.

ನನ್ನ ಕಡೆಯಿಂದ ನಡೆದದ್ದು ಇಷ್ಟು. ಪ್ರಶ್ನೆಗಳು ಮುಗಿಯುತ್ತಾ ಬಂದಿದ್ದವು. ಗ್ರಹಣದ ಪ್ರಶ್ನೆ ನೀವು ಹೇಳಿದ ಹಾಗೆಯೇ ಎರಡು ಸಲ ಬಂತು. ಅಷ್ಟರಲ್ಲಿ ಹೊನ್ನಯ್ಯನವರು ಎದ್ದು ನೇರವಾಗಿ ಲಾರಿಯ ಹತ್ತಿರ ಹೋಗಿ ಜೇಬಿನಿಂದ ಅಯಸ್ಕಾಂತ ತೆಗೆದು ರಾಕೆಟ್ಟಿನ ಮೈಗೆ ಇಟ್ಟರು. ಅದು ಕೆಳಗೆ ಬಿತ್ತು. ಇನ್ನೊಂದು ಕಡೆ ಇಟ್ಟರು. ಅಲ್ಲೂ ಬಿತ್ತು. ಜನ ನಕ್ಕರು, ನಾನೂ ನಕ್ಕೆ. ಕಾರ್ಖಾನೆಯಲ್ಲಿ ಬದುಕು ಕಳೆದವರು ಏನನ್ನೂ ಅಯಸ್ಕಾಂತ ಇಡದೆ ನಂಬುವುದಿಲ್ಲ ಎಂದು ನನಗೆ ಹೊಳೆದಿರಲಿಲ್ಲ. ಇದು ಫೈಬರಿನಲ್ಲಿ ಮಾಡಿದ ಮಾದರಿ, ನಿಜವಾದದ್ದಲ್ಲ ಎಂದೆ. ಆಗ ಅವರು ನಿಮ್ಮ ಕಡೆ ಕೈ ತೋರಿಸಿ, "ಹಂಗಾದ್ರೆ ನಿಜವಾದ್ರಲ್ಲಿ ನಮ್ಮ ಶಿವಯೋಗಪ್ಪನ ಉಕ್ಕು ಇದೆ ಅಂತ ನೀನೇ ಮೈಕಲ್ಲಿ ಹೇಳಮ್ಮ, ಎಲ್ರೂ ಕೇಳ್ಲಿ" ಎಂದರು. ಪ್ರೀತಿಯಿಂದಲೇ ಕೇಳಿದರು. ನಿಮಗೆ ಇನ್ನೊಂದು ಚಪ್ಪಾಳೆ ಕೊಡಿಸಬೇಕೆಂದು ಕೇಳಿದರು.

ನೀವು ಶಾಲು ಹೊದ್ದು ಕೂತಿದ್ದಿರಿ. ನಾನು ನಿಮ್ಮನ್ನು ನೋಡಿದೆ, ನೀವು ನನ್ನನ್ನು ನೋಡಿದಿರಿ. ಮೈಕಿನಲ್ಲಿ "ಇಲ್ಲ" ಎಂದೆ. ಉಕ್ಕು ಚೆನ್ನಾಗಿತ್ತು, ಪರೀಕ್ಷೆಯಲ್ಲಿ ಗೆದ್ದಿತ್ತು, ಆದರೆ ಬೇರೆ ಲೋಹ ಬಳಸಿದರು ಎಂದೂ ಹೇಳಿದೆ. ಆದರೆ ಜನಕ್ಕೆ ಮೊದಲನೆಯ ಮಾತೇ ಕೇಳಿಸಿತು.

ನೀವು ಎದ್ದು ಹೋಗಲಿಲ್ಲ. ವಂದನಾರ್ಪಣೆ ಮುಗಿಯುವವರೆಗೂ ಕೂತಿದ್ದಿರಿ. ಅದನ್ನು ನಾನು ಮರೆಯುವುದಿಲ್ಲ.

ಹೇಳಿದ್ದಕ್ಕೆ ಕ್ಷಮೆ ಕೇಳಿದರೆ ಅದು ಸುಳ್ಳಾಗುತ್ತದೆ. ನಿಮಗೆ ನೋವಾದದ್ದಕ್ಕೆ ಕೇಳುತ್ತೇನೆ. ಮಾತು ಬಿಡಬೇಡಿ ಮಾವ. ಬೈಯಿರಿ, ಆದರೆ ಬರೆದು ಬೈಯಿರಿ.

ರಂಜಿನಿ


ಭದ್ರಾವತಿ
ಫೆಬ್ರವರಿ 2001

ರಂಜಿನಿಗೆ ಅತ್ತೆ ಬಂಗಾರಮ್ಮ ಪಕ್ಕದ ಮನೆ ಹುಡುಗಿ ಕೈಲಿ ಬರೆಸಿದ್ದು.

ನಿನ್ನ ಮೂರು ಕಾಗದಾನೂ ಬಂದಿದಾವೆ. ನಿಮ್ಮಾವ ಓದಿ ಮಡಚಿಟ್ಟಿದಾರೆ, ಉತ್ತರ ಬರೆಯಲ್ಲ ಅಂತಾರೆ. ನಾನು ಹೇಳಿ ಹೇಳಿ ಸಾಕಾಯ್ತು ಮಾರಾಯ್ತಿ. ಹೊನ್ನಯ್ಯನ ಹೋಟ್ಲಿಗೆ ಹೋಗೋದು ಬಿಟ್ಟಿದಾರೆ. ಹೊನ್ನಯ್ಯ ಪಾಪ ಎರಡು ಸಲ ಮನೆ ಬಾಗಿಲಿಗೆ ಬಂದಿದ್ದ, ತಲೆ ನೋವು ಅಂತ ಹೇಳಿ ಕಳಿಸಿದ್ರು. ಈಗ ಬೆಳಿಗ್ಗೆಯಿಂದ ಸಂಜೆ ತನಕ ಮನೇಲೇ ಇರ್ತಾರೆ. ಗಂಟೆಗೊಂದು ಕಾಫಿ. ನಾನು ಅಡಿಗೆ ಮಾಡಿದ್ರೆ ಹಿಂದೆ ನಿಂತ್ಕೊಂಡು ಉಪ್ಪು ಎಷ್ಟು ಹಾಕ್ದೆ ಅಂತಾರೆ. ಇಷ್ಟು ವರ್ಷ ಫರ್ನೇಸ್ ನೋಡಿದೋರಿಗೆ ಈಗ ನನ್ನ ಒಲೆ ಸಿಕ್ಕಿದೆ.

ಸಿಟ್ಟು ನಿನ್ನ ಮೇಲೆ ಅಲ್ಲ ಅನ್ಸುತ್ತೆ ಕಣೆ. ಊರಿಗೆ ಮುಖ ತೋರಿಸಕ್ಕೆ ಆಗ್ತಿಲ್ಲ ಅವರಿಗೆ. ನೀನು ಬರೆಯೋದು ನಿಲ್ಲಿಸಬೇಡ.

ಯುಗಾದಿಗೆ ಬನ್ನಿ. ಸಿರಿಗೆ ಲಂಗದ ಅಳತೆ ಕಳಿಸು.

ಬಂಗಾರಮ್ಮ


ಭದ್ರಾವತಿ
23 ಮಾರ್ಚ್ 2001, ಸಂಜೆ

ಚಿ. ಸೌ. ರಂಜಿನಿಗೆ ಮಾವನ ಆಶೀರ್ವಾದಗಳು.

ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ. ಕೈ ಸರಿಯಾಗಿ ಓಡುತ್ತಿಲ್ಲ. ಇವತ್ತು ನಡೆದದ್ದನ್ನು ಇವತ್ತೇ ಬರೆಯದಿದ್ದರೆ ನಿಮ್ಮತ್ತೆ ಫೋನಿನಲ್ಲಿ ತನ್ನದೇ ರೀತಿಯಲ್ಲಿ ಹೇಳಿಬಿಡುತ್ತಾಳೆ.

ರಷ್ಯಾದವರ ಆ ಹಳೆಯ ಬಾಹ್ಯಾಕಾಶ ನಿಲ್ದಾಣ ಬೀಳುತ್ತದೆ ಎಂದು ವಾರದಿಂದ ಇಲ್ಲಿ ಎಲ್ಲರ ಬಾಯಲ್ಲೂ ಅದೇ. ಮೊದಲು ಇಂಡಿಯಾದ ಮೇಲೆ ಬೀಳುತ್ತದೆ ಎಂದರು. ಬುಧವಾರದ ಹೊತ್ತಿಗೆ ಕರ್ನಾಟಕಕ್ಕೆ ಬಂತು. ನಿನ್ನೆ ಸಂಜೆ ಭದ್ರಾ ಡ್ಯಾಮಿನ ಮೇಲೆ ಬೀಳುತ್ತದೆ, ಡ್ಯಾಮು ಒಡೆದರೆ ಓಲ್ಡ್ ಟೌನ್ ಉಳಿಯುವುದಿಲ್ಲ ಎಂಬಲ್ಲಿಗೆ ಬಂದು ನಿಂತಿತ್ತು. ನಿನ್ನೆ ಸಂಜೆಯೇ ನಮ್ಮ ಭದ್ರಾವತಿ ಆಕಾಶವಾಣಿಯಲ್ಲಿ ನಿನ್ನನ್ನು ಫೋನಿನಲ್ಲಿ ಮಾತಾಡಿಸಿದರು. ನಿನ್ನ ದನಿ ಕೇಳಿ ನಿಮ್ಮತ್ತೆ ಒಲೆ ಆರಿಸಿ ಬಂದಳು. ನಾನು ಪೇಪರ್ ಓದುವವನ ಹಾಗೆ ಕೂತಿದ್ದೆ. ಇಲ್ಲಿ ಬೀಳುತ್ತದಾ ಎಂದು ಅವರು ಕೇಳಿದರು. ಇಲ್ಲ, ದೂರದ ಪೆಸಿಫಿಕ್ ಸಾಗರಕ್ಕೆ ಅವರೇ ಗುರಿ ಇಟ್ಟು ಬೀಳಿಸುತ್ತಾರೆ, ಧೈರ್ಯವಾಗಿರಿ ಎಂದು ನೀನು ಹೇಳಿದೆ.

ಇವತ್ತು ಬೆಳಿಗ್ಗೆ ನೋಡಿದರೆ ನಮ್ಮ ಬೀದಿಯಲ್ಲಿ ಒಂದು ಮಗುವೂ ಹೊರಗಿಲ್ಲ. ಶಾಲೆಯಲ್ಲಿ ಪರೀಕ್ಷೆ. ತಾಯಂದಿರು ಬಾಗಿಲು ಹಾಕಿಕೊಂಡು ಕೂತಿದ್ದಾರೆ. ವರ್ಷ ಹಾಳಾದರೂ ಚಿಂತೆ ಇಲ್ಲ, ಮಗು ಕಣ್ಣ ಮುಂದೆ ಇರಲಿ ಎನ್ನುತ್ತಾರೆ. ಪಕ್ಕದ ಮನೆ ಹುಡುಗಿಯೂ ಪೆನ್ನು ಹಿಡಿದು ಅಳುತ್ತಾ ಕೂತಿದ್ದಳು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಎಲ್ಲಿಗೆ ಎಂದು ನಿಮ್ಮತ್ತೆ ಕೇಳಲಿಲ್ಲ.

ಹೊನ್ನಯ್ಯನ ಹೋಟೆಲ್ ತುಂಬಿತ್ತು. ನಾನು ಒಳಗೆ ಹೋಗಿ ಕೂತೆ. ಹೊನ್ನಯ್ಯ ನನ್ನ ಮುಖವನ್ನೂ ನೋಡದೆ ನನ್ನ ಜಾಗದಲ್ಲಿ ಟೀ ತಂದಿಟ್ಟ. ನಾನೂ ಏನೂ ಆಗದವನ ಹಾಗೆ ಕುಡಿದೆ. ನನ್ನ ಗೆಳೆಯನ ಜೊತೆ ರಾಜಿ ಆದದ್ದು ಅಷ್ಟರಲ್ಲೇ.

ಪೇಪರ್ ಮಿಲ್ಲಿನ ಕಡೆಯ ಒಬ್ಬ ಹೇಳುತ್ತಿದ್ದ, ರೇಡಿಯೋದಲ್ಲಿ ಯಾರೋ ಹೆಂಗಸು ಏನೋ ಹೇಳಿತು, ಸರ್ಕಾರದವರು ತಲೆಯ ಮೇಲೆ ಬೀಳುವವರೆಗೂ ಏನೂ ಇಲ್ಲ ಎಂದೇ ಹೇಳುವುದು ಎಂದು. ಎಲ್ಲರೂ ಹೌದು ಹೌದು ಎಂದರು. ಆಗ ಹೊನ್ನಯ್ಯ ಜಗ್ಗು ಕೆಳಗಿಟ್ಟ.

"ಆ ಹೆಂಗ್ಸು ಯಾರು ಗೊತ್ತೇನ್ರೋ? ಶಾಲೆ ಮೈದಾನದಲ್ಲಿ ಸಾವಿರ ಜನದ ಮುಂದೆ ಸ್ವಂತ ಮಾವಂಗೇ ಇಲ್ಲ ಅಂದೋಳು. ಮಾವನ ಮರ್ಯಾದೆ ಉಳಿಸೋಕೂ ಸುಳ್ಳು ಹೇಳ್ದೇ ಇದ್ದೋಳು ನಿಮಗ್ಯಾಕೆ ಸುಳ್ಳು ಹೇಳ್ತಾಳೆ?"

ಎಲ್ಲರೂ ನನ್ನ ಕಡೆ ತಿರುಗಿದರು. ಆ ಹೋಟೆಲಿನಲ್ಲಿ ಎಷ್ಟೋ ವರ್ಷ ನನ್ನ ಮಾತನ್ನು ಜನ ಬಾಯಿ ಬಿಟ್ಟು ಕೇಳಿದ್ದಾರೆ. ಇವತ್ತು ಕೇಳಿದ ಹಾಗೆ ಯಾವತ್ತೂ ಕೇಳಿರಲಿಲ್ಲ.

"ಹೌದು. ನನ್ನ ಉಕ್ಕು ಮೇಲೆ ಹೋಗಿಲ್ಲ. ಅವಳು ಹೇಳಿದ್ದೇ ನಿಜ. ಅದು ನಂಗೆ ಮುಂಚೇನೇ ಗೊತ್ತಿತ್ತು" ಎಂದೆ. "ಅವಳು ಇಲ್ಲ ಅಂದ್ರೆ ಇಲ್ಲ ಕಣ್ರಪ್ಪ. ಹೋಗಿ ಮಕ್ಕಳನ್ನ ಕಳಿಸಿ."

ಯಾರೂ ನಗಲಿಲ್ಲ. ಒಬ್ಬೊಬ್ಬರಾಗಿ ಎದ್ದರು. ಪೇಪರ್ ಮಿಲ್ಲಿನವನು ಸೈಕಲ್ ಹತ್ತಿದ. ನಾನೂ ಹೊನ್ನಯ್ಯನೂ ಹೋಟೆಲಿನ ಮುಂದೆ ನಿಂತು ನೋಡಿದೆವು. ಮೊದಲು ನಮ್ಮ ಪಕ್ಕದ ಮನೆಯ ಹುಡುಗಿ ಬಂದಳು, ಹಿಂದೆ ಅವಳ ತಮ್ಮ, ಆಮೇಲೆ ಬೀದಿ ತುಂಬ ಮಕ್ಕಳು ಬಂದರು. ಕೆಲವರು ದಾರಿಯುದ್ದಕ್ಕೂ ಆಕಾಶ ನೋಡುತ್ತಾ ಹೋಗಿ ಎಡವಿದರು. ಶಾಲೆಯ ಗಂಟೆ ಹೊಡೆಯುವುದರೊಳಗೆ ಎಲ್ಲರೂ ಒಳಗಿದ್ದರು.

ಮಧ್ಯಾಹ್ನ ರೇಡಿಯೋದಲ್ಲಿ ಬಂತು. ನೀನು ಹೇಳಿದ ಕಡೆಯೇ ಬಿತ್ತಂತೆ.

ರಂಜಿನಿ, ಅವತ್ತು ನೀನು ಇಲ್ಲ ಎಂದಾಗ ನನಗೆ ಬಹಳ ನೋವಾಯಿತು. ಮನೆಯ ಸೊಸೆ ಮಾವನ ತಲೆ ತಗ್ಗಿಸಿದಳು ಎಂದು ಮೂರು ತಿಂಗಳು ಒಳಗೇ ಕುದಿದೆ. ಇದನ್ನು ಮುಚ್ಚಿಡುವುದಿಲ್ಲ. ಅವತ್ತು ನೀನು ಹೌದು ಎಂದಿದ್ದರೆ ನನಗೆ ಇನ್ನೊಂದು ಹಾರ ಬೀಳುತ್ತಿತ್ತು, ನಿಜ. ಆದರೆ ಇವತ್ತು ನಮ್ಮ ಬೀದಿಯ ಒಂದು ಮಗುವೂ ಪರೀಕ್ಷೆ ಬರೆಯುತ್ತಿರಲಿಲ್ಲ.

ನಿನ್ನ ಮಾವ,
ಶಿವಯೋಗಪ್ಪ